ರಾತ್ರಿ ಪಾಳಿ, ಹಗಲು ನಿದ್ದೆ

ಪ್ರಶ್ನೆ: ನನಗೆ 25 ವರ್ಷ. ಕಾಲ್ ಸೆಂಟರ್‌ನಲ್ಲಿ ಸಂಜೆ 6.30ರಿಂದ ಬೆಳಗಿನ ಜಾವ 3.30ರವರೆಗೆ ಕೆಲಸ. ಕ್ಯಾಬ್ ಇಳಿದು ಮನೆ ಸೇರುವಾಗ ಐದು. ಏಳರವರೆಗೆ ಮೊಬೈಲ್ ನೋಡಿ ಮಲಗಿದರೆ ಹತ್ತಕ್ಕೇ ಎಚ್ಚರ. ತಿಂಗಳಿಂದ ಯಾರ ಜೊತೆಯೂ ಮಾತು ಬೇಡ ಅನಿಸುತ್ತಿದೆ. ನಾನು ಸೋಮಾರಿಯಾದೆನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇದು ಸೋಮಾರಿತನವಲ್ಲ. ಮೂರು ಗಂಟೆ ನಿದ್ದೆಯಲ್ಲಿ ಯಾರಿಗೂ ಉತ್ಸಾಹ ಉಳಿಯುವುದಿಲ್ಲ. ಕಾಫಿ, ಟೀ ರಾತ್ರಿ 10ಕ್ಕೇ ಮುಗಿಸಿ. ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ರಾತ್ರಿ ಎರಡಕ್ಕೆ ಬ್ರೇಕಿನಲ್ಲಿ ಕುಡಿದ ಕಾಫಿ ಬೆಳಿಗ್ಗೆ ಏಳಕ್ಕೂ ಕಾಡಬಹುದು. ಮನೆಗೆ ಬಂದು ಏನಾದರೂ ಲಘುವಾಗಿ ತಿಂದು 5.30ಕ್ಕೆ ಮಲಗಿ. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ, ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ: ಬೆಳಕು ಬಿದ್ದರೆ ನಿದ್ದೆ ತರುವ ಮೆಲಟೋನಿನ್ ತಗ್ಗುತ್ತದೆ. 12.30ಕ್ಕೆ ಎದ್ದು ಅರ್ಧ ಗಂಟೆ ಹೊರಗೆ ನಡೆಯಿರಿ.

ಹೆಚ್ಚಿನವರು ಎಡವುವುದು ವಾರದ ರಜೆಯಲ್ಲಿ. ಶನಿವಾರ ರಾತ್ರಿ ಹತ್ತಕ್ಕೇ ಮಲಗಿದರೆ ಸೋಮವಾರ ದೇಹದ ಗಡಿಯಾರ ಮತ್ತೆ ಉಲ್ಟಾ. ರಜೆಯಲ್ಲಿ ರಾತ್ರಿ 3ರಿಂದ ಬೆಳಿಗ್ಗೆ 10ರವರೆಗೆ ನಿದ್ದೆ ಇಟ್ಟುಕೊಂಡರೆ ಬದಲಾವಣೆ ಕಡಿಮೆ. (ತಿಂಡಿಗೆ ಎಬ್ಬಿಸಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿಡಿ!) ನಿದ್ದೆಗೆಂದು ಬಿಯರ್ ಬೇಡ; ಬೇಗ ಮಂಪರು ಬಂದರೂ ನಡುವೆ ಎಚ್ಚರವಾಗುತ್ತದೆ. ಸ್ವಂತಕ್ಕೆ ನಿದ್ದೆ ಮಾತ್ರೆಯೂ ಬೇಡ.

ಆದರೆ ಒಂದು ಮಾತು: ಇಂಥ ನಿರಾಸಕ್ತಿ ಎರಡು ವಾರ ದಾಟಿದರೆ ಖಿನ್ನತೆಯೇ ಎಂದು ಪರೀಕ್ಷಿಸಬೇಕು. ನಿಮ್ಮದು ತಿಂಗಳಾಗಿದೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಸುಳಿದಿದ್ದರೆ ಈಗಲೇ ಕರೆ ಮಾಡಿ.