ಕಾಫಿ ಗೋಡೌನಿನಲ್ಲಿ ಸೋನಿಕ್ಸ್ ಸದ್ದು: ಎರಡೇ ಮೈಕಿನ ಲೆಕ್ಕ

ಸುಂಟಿಕೊಪ್ಪದ ಹತ್ತಿರ ಖಾಲಿ ಕಾಫಿ ಗೋಡೌನು, 15 ವ್ಯಾಟಿನ ವಾಲ್ವ್ ಗಿಟಾರ್ ಆಂಪ್ (ಗಾಜಿನ ವಾಲ್ವ್ ಇರುವ ಹಳೇ ಥರದ ಆಂಪ್ಲಿಫೈಯರ್), ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಎರಡು ಚಾನೆಲ್ ಇಂಟರ್‌ಫೇಸ್, ಎರಡು ಡೈನಾಮಿಕ್ ಮೈಕ್. ಇಷ್ಟರಲ್ಲಿ 1960ರ ದಶಕದ ಅಮೆರಿಕದ ಸೋನಿಕ್ಸ್ ರಾಕ್ ಬ್ಯಾಂಡಿನ ಒರಟು ಸದ್ದು ಬರುತ್ತದಾ ಅಂತ ಕೇಳಿದ್ದೀರಿ. ಧಾರಾಳ ಬರುತ್ತದೆ. ಸಾಮಾನು ಜಾಸ್ತಿ ಇದ್ದರೇ ಕಷ್ಟ.

ಅಮೆರಿಕದ ಟಕೋಮಾ ಊರಿನ ಆ ಹುಡುಗರು 1965ರ ಮೊದಲ ಆಲ್ಬಂ ಮಾಡಿದ್ದು ಎರಡು ಟ್ರ್ಯಾಕಿನ ಟೇಪಿನಲ್ಲಿ, ಇಡೀ ಡ್ರಮ್ಸಿಗೆ ಒಂದೇ ಮೈಕ್ ಇಟ್ಟು. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಬಾಯ್ತುಂಬ ಹೊಗಳಿದ್ದು ಅದೇ ಡ್ರಮ್ ಸದ್ದನ್ನು. 1966ರ ಆಲ್ಬಂ ಹೊತ್ತಿಗಂತೂ ಸ್ಟುಡಿಯೋ ಗೋಡೆಗೆ ಹೊಡೆದಿದ್ದ, ಸದ್ದು ಹೀರುವ ಹೊದಿಕೆಯನ್ನೇ ಕಿತ್ತು ಹಾಕಿದರು. ಹಾಗಾಗಿ ಗೋಡೆಗೆ ಫೋಮ್ ಅಂಟಿಸುವ ಯೋಚನೆ ಬಿಡಿ. ಡ್ರಮ್ಸ್ ಹಿಂದೆ ಮಾತ್ರ ನಾಲ್ಕೈದು ಗೋಣಿಚೀಲ ಮಡಚಿ ನೇತುಹಾಕಿ, ಸಾಕು.

ಡ್ರಮ್ ಮೈಕನ್ನು ಕಿಟ್ಟಿನ ಎದುರು ಮೂರಡಿ ದೂರ, ಚುರುಕು ಸದ್ದಿನ ಸಣ್ಣ ಡ್ರಮ್ಮಾದ ಸ್ನೇರ್‌ಗಿಂತ ಒಂದಡಿ ಮೇಲೆ, ಸ್ನೇರ್ ಕಡೆಗೇ ತಿರುಗಿಸಿ ಇಡಿ. ಸಿಂಬಲ್ (ಲೋಹದ ತಟ್ಟೆ) ಎಲ್ಲವನ್ನೂ ನುಂಗುತ್ತಿದ್ದರೆ ಮೈಕ್ ಇನ್ನೂ ತಗ್ಗಿಸಿ. ಆಮೇಲೂ ಹಾಗೇ ಇದ್ದರೆ ಡ್ರಮ್ಮರ್ ಕೈ ಸರಿಯಾಗಬೇಕು: ಸ್ನೇರ್‌ಗೆ ಜೋರು ಪೆಟ್ಟು, ಸಿಂಬಲ್‌ಗೆ ಹಗುರ. ಒಂದೇ ಮೈಕಿನಲ್ಲಿ ಬಂದದ್ದನ್ನು ಮಿಕ್ಸಿಂಗಲ್ಲಿ ಬಿಡಿಸಲು ಆಗುವುದಿಲ್ಲ. ಬೇಸ್‌ಗೆ ಮೂರನೇ ಚಾನೆಲ್ ಬೇಡ, ಬೇಸ್ ಆಂಪನ್ನು ಡ್ರಮ್ ಮೈಕಿಗೆ ಕೇಳುವಂತೆ ಇಟ್ಟು, ಹತ್ತಿರ ದೂರ ಸರಿಸಿಯೇ ಹದ ಮಾಡಿ.

ಎರಡನೇ ಮೈಕ್ ಗಿಟಾರ್ ಆಂಪಿಗೆ. ಆಂಪಿನ ಮುಂದಿನ ಬಲೆಯಿಂದ ಒಂದಿಂಚು, ಸ್ಪೀಕರ್ ನಡುವಿನಿಂದ ಸ್ವಲ್ಪ ಪಕ್ಕಕ್ಕೆ. ಸದ್ದು ಬದಲಿಸುವ ಪೆಡಲ್ ಪೂರಾ ತೆಗೆದು ಆಂಪಿನ ವಾಲ್ಯೂಮ್ ಏರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಒರಟುತನ ಬೇಕೆಂದು ಇಂಟರ್‌ಫೇಸಿನ ಗೇನ್ (ಒಳಬರುವ ಸದ್ದಿನ ಮಟ್ಟ) ತಿರುಗಿಸುತ್ತಾರೆ. ಟೇಪಿನ ಮೀಟರ್ ಕೆಂಪಿಗೆ ಹೋದರೆ ಸದ್ದು ದಪ್ಪವಾಗುತ್ತದೆ, ಡಿಜಿಟಲ್ ಹೋದರೆ ಬರೀ ಚಟಪಟ. ಮೀಟರಿನಲ್ಲಿ ಪೀಕ್ (ಸದ್ದಿನ ಅತಿ ಎತ್ತರದ ಮಟ್ಟ) ಮೈನಸ್ 6 ಡಿಬಿ ದಾಟದಿರಲಿ. ಕೊಳಕೆಲ್ಲ ಆಂಪಿನಲ್ಲೇ ಹುಟ್ಟಬೇಕು. ಸೋನಿಕ್ಸ್‌ನವರು ಒರಟು ಸದ್ದಿಗಾಗಿ ಸ್ಪೀಕರಿಗೆ ತೂತು ಹಾಕಿದ್ದು ನಿಜ, ನೀವು ಮಾಡುವುದಾದರೆ ಅದೇ ಓಮಿನ (ವಿದ್ಯುತ್ ತಡೆಯ ಅಳತೆ) ಗುಜರಿ ಸ್ಪೀಕರ್ ಹುಡುಕಿ ಅದಕ್ಕೆ ಮಾಡಿ.

ಎರಡೂ ಚಾನೆಲ್ ಸೇರಿಸಿದಾಗ ಸ್ನೇರ್ ತೆಳುವಾದರೆ ಒಂದರ ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗಿಸಿ ನೋಡಿ. ಒಂದೇ ಪೆಟ್ಟು ಎರಡು ಮೈಕಿಗೆ ಹಿಂದೆಮುಂದೆ ಮುಟ್ಟಿ ಒಂದನ್ನೊಂದು ಕಳೆಯುತ್ತಿರುತ್ತದೆ. ಕೊನೆಗೆ ಎರಡನ್ನೂ ಬೆರೆಸಿ ಮಾನೋ (ಒಂದೇ ಚಾನೆಲ್) ಮಾಡಿ. ಹಾಡನ್ನು ಆಮೇಲೆ ಬೇರೆಯಾಗಿ ಹಾಡಿಸಿ. ಗಂಟಲು ಸೀಳುವ ಹಾಗೆ ಕೇಳಬೇಕೆಂದರೆ ಆ ಟ್ರ್ಯಾಕನ್ನು ಹೆಡ್‌ಫೋನ್ ಔಟಿನಿಂದ, ಸೊನ್ನೆಯಿಂದ ಶುರುಮಾಡಿ ನಿಧಾನ ಏರಿಸುತ್ತ, ಗಿಟಾರ್ ಆಂಪಿಗೆ ಕೊಟ್ಟು ಮತ್ತೆ ಮೈಕಿನಲ್ಲಿ ಹಿಡಿಯಿರಿ.

ಮಳೆಗಾಲದಲ್ಲಿ ಕೈ ಹಾಕಬೇಡಿ, ತಗಡಿನ ಮಾಡಿನ ಸದ್ದೇ ರೆಕಾರ್ಡ್ ಆಗುತ್ತದೆ. ಮಳೆ ಬಿಟ್ಟ ಮೇಲೆ, ಕೊಯ್ಲಿನ ಚೀಲ ಬಂದು ಗೋಡೌನು ತುಂಬುವ ಮೊದಲು ಮುಗಿಸಿ. ತುಂಬಿದ ಚೀಲದ ಮಧ್ಯೆ ಸದ್ದು ಸತ್ತೇ ಹೋಗುತ್ತದೆ. ಆಂಪನ್ನು ರಾತ್ರಿ ಅಲ್ಲೇ ಬಿಡಬೇಡಿ, ಥಂಡಿ ಹಿಡಿದರೆ ಪಾಟ್‌ಗಳು (ವಾಲ್ಯೂಮ್ ಮುಂತಾದ ತಿರುಗುವ ಗುಂಡಿಗಳು) ಕರಕರ ಅನ್ನುತ್ತವೆ.

ಗುಂಯ್ ಅಂತ ಹಮ್ ಬಂದರೆ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಕೀಳಬೇಡಿ. ಆಂಪ್, ಇಂಟರ್‌ಫೇಸ್ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಎಸ್ಟೇಟಿನ ಹಳೇ ವೈರಿಂಗಾದರೆ ಮೊದಲೇ ಅರ್ತ್ ಚೆಕ್ ಮಾಡಿಸಿ, ಇಲ್ಲವಾದರೆ ಗಿಟಾರ್ ಹಿಡಿದು ಹಾಡುವವನ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯಬಹುದು.