ಅಜ್ಜನ ಟ್ರಂಕಿನಲ್ಲಿರುವ ಬಂದೂಕು ಪತ್ರಿಕೆಗಳು: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಅಜ್ಜ ಬಿಟ್ಟುಹೋದ ಎರಡು ಟ್ರಂಕ್ ತುಂಬ 1950-60ರ ದಶಕದ ಬಂದೂಕು ಪತ್ರಿಕೆಗಳಿವೆ, ಹೆಚ್ಚಿನವು ಅಮೆರಿಕದವು. ಈಗ ಎಲ್ಲಾ ಫೋನಿನಲ್ಲೇ ಸಿಗುತ್ತದಲ್ವಾ, ಇವನ್ನು ರದ್ದಿಗೆ ಹಾಕಲೇ? ಅದರಲ್ಲಿರುವ, ತೋಟಾಗೆ ಎಷ್ಟು ಮದ್ದು ತುಂಬಬೇಕು ಅನ್ನುವ ಅಳತೆ ಪಟ್ಟಿಗಳನ್ನು ಈಗಲೂ ಬಳಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬಳಸಲೇಬೇಡಿ. ಡಬ್ಬಿ ಮೇಲೆ ಅದೇ ಹೆಸರು ಇದ್ದರೂ ಒಳಗಿನ ಮದ್ದು ಅಂದಿನದೇ ಆಗಿರಬೇಕಿಲ್ಲ. ಮದ್ದು ಉರಿದಾಗ ಬಂದೂಕಿನೊಳಗೆ ಏಳುವ ಒತ್ತಡ ಅಳೆಯುವ ರೀತಿಯೂ ಬದಲಾಗಿದೆ. ಆಗ ಗುಂಡು ಸಿಡಿದಾಗ ಒಂದು ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತು ಅಂತ ನೋಡಿ ಲೆಕ್ಕ ಹಾಕುತ್ತಿದ್ದರು, ಈಗ ಎಲೆಕ್ಟ್ರಾನಿಕ್ ಸೆನ್ಸರ್ ಇದೆ, ಹಾಗಾಗಿ ಆ ಅಂಕಿಯನ್ನು ಈ ಅಂಕಿಯ ಪಕ್ಕ ಇಟ್ಟು ನೋಡುವುದೇ ತಪ್ಪು. ಅಳತೆಗೆ ಮದ್ದು ತಯಾರಿಸುವವರ ಹೊಸ ಕೈಪಿಡಿಯೊಂದೇ ದಾರಿ.

ಆದರೆ ರದ್ದಿಗೆ ಮಾತ್ರ ಹಾಕಬೇಡಿ, ದಯವಿಟ್ಟು. ಮದ್ದಿನ ಮಾತು ಹಳತಾಗುತ್ತದೆ, ಉಕ್ಕಿನ ಮಾತು ಅಷ್ಟು ಬೇಗ ಹಳತಾಗಲ್ಲ. 1955ರಲ್ಲಿ ಬಿಡಿಸಿದ ರೈಫಲ್ಲಿನ ಬಿಡಿಭಾಗಗಳ ಚಿತ್ರ, ಆ ರೈಫಲ್ ಇರುವವರೆಗೂ ಸರಿಯೇ. ಉಗುರಿನಷ್ಟು ಸಣ್ಣ ಸ್ಪ್ರಿಂಗ್ ಯಾವ ಕಡೆ ಮುಖ ಮಾಡಿ ಕೂರಬೇಕು ಅನ್ನುವುದು ಅಲ್ಲಿ ಕಾಣುತ್ತದೆ. ತಯಾರಿಕೆ ನಿಂತುಹೋದ ಬಂದೂಕಿಗೆ ಎಷ್ಟೋ ಸಲ ಉಳಿದಿರುವ ಒಳ್ಳೆ ಚಿತ್ರ ಅದೊಂದೇ.

ನಾನು ಮೊದಲು ತೆರೆಯುವುದು ಓದುಗರ ಪತ್ರಗಳ ಪುಟ. ಅಮೆರಿಕನ್ ರೈಫಲ್‌ಮನ್ ಪತ್ರಿಕೆಯಲ್ಲಿ ‘ಡೋಪ್ ಬ್ಯಾಗ್’ ಅಂತ ಅಂಕಣ ಇತ್ತು, ನಿಮ್ಮ ಟ್ರಂಕಿನಲ್ಲಿದ್ದರೆ ಹುಡುಕಿ. ದೊಡ್ಡ ಲೇಖನಗಳಲ್ಲಿ ಹೊಸ ಮಾಲಿನ ಹೊಗಳಿಕೆ ಜಾಸ್ತಿ, ಕೆಟ್ಟು ಕೂತ ಬಂದೂಕಿನ ನಿಜವಾದ ತಾಪತ್ರಯ ಇರುವುದು ಪತ್ರಗಳಲ್ಲಿ. ನನ್ನ ಹತ್ತಿರ ಒಂದು ಹಳೇ ಸೇನಾ ರೈಫಲ್ ಬಂದಿತ್ತು. ಎಷ್ಟು ಎಣ್ಣೆ ಹಾಕಿ ಒರೆಸಿದರೂ ಎರಡೇ ದಿನಕ್ಕೆ ನಳಿಗೆಯೊಳಗೆ ಕೆಂಪು ತುಕ್ಕು. ಉತ್ತರ ಸಿಕ್ಕಿದ್ದು ಇಂಥದೇ ಒಂದು ಪುಟದ ಮೂಲೆಯ ನಾಲ್ಕು ಸಾಲಿನಲ್ಲಿ. ಹಳೇ ಸೇನಾ ತೋಟಾಗಳ ಕ್ಯಾಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಉರಿದ ಮೇಲೆ ಒಂಥರಾ ಉಪ್ಪು ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುತ್ತದೆಯೇ? ಇಲ್ಲ, ನೀರೇ ಬೇಕು. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಾಕಿದೆ. ತುಕ್ಕು ನಿಂತಿತು.

ಜೀವ ಉಳಿಸುವ ಎಚ್ಚರಿಕೆಗಳೂ ಸಿಗುತ್ತವೆ. ಅಮೆರಿಕ ಸೇನೆಯ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಡಿ. ಶುರುವಿನ ವರ್ಷಗಳಲ್ಲಿ ಕಾರ್ಮಿಕರು ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಹದ ಮಾಡುತ್ತಿದ್ದರು. ಬಿಸಿಲಿನಲ್ಲಿ ಕಾಣುವ ಕೆಂಪು ಬೇರೆ, ಮೋಡ ಕವಿದಾಗ ಕಾಣುವ ಕೆಂಪು ಬೇರೆ ಅಲ್ವಾ? ಕೆಲವು ರೈಫಲ್‌ಗಳ ಉಕ್ಕು ಹದ ಮೀರಿ, ಗುಂಡು ಹಾರಿಸುವಾಗ ಗಾಜಿನಂತೆ ಒಡೆಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ ಸುಮಾರು 8,00,000ಕ್ಕಿಂತ ಕಡಿಮೆ ಸೀರಿಯಲ್ ನಂಬರಿನದನ್ನು ಹಾರಿಸದೆ ಇಡುವುದೇ ಒಳ್ಳೆಯದು.

ಜಾಹೀರಾತುಗಳನ್ನು ಕತ್ತರಿಸಿ ಎಸೆಯಬೇಡಿ. ಯಾವ ಮಾದರಿ ಯಾವ ವರ್ಷ ಮಾರಾಟಕ್ಕಿತ್ತು, ಹಿಡಿ ಯಾವ ಮರದ್ದು ಅಂತ ಪತ್ತೆ ಮಾಡಲು ಸಂಗ್ರಹಕಾರರಿಗೆ ಅದೇ ಆಧಾರ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಂದೂಕಿನ ಹೆಸರು, ಸಂಚಿಕೆ, ಪುಟ, ಇಷ್ಟು ಬರೆದರೆ ಸಾಕು. ಅಜ್ಜ ಪೆನ್ಸಿಲಿನಲ್ಲಿ ಗುರುತು ಹಾಕಿದ ಪುಟಗಳಿಂದಲೇ ಶುರು ಮಾಡಿ. ಪಿನ್ನುಗಳು ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಡಿಸಿ ದಾರದಲ್ಲಿ ಹೊಲಿಯಿರಿ, ಇಲ್ಲದಿದ್ದರೆ ಮೊದಲು ಹರಿಯುವುದು ನಡುವಿನ ಹಾಳೆ, ಎರಡು ಪುಟ ಅಗಲದ ದೊಡ್ಡ ಚಿತ್ರ ಇದ್ದರೆ ಅದು ಇರುವುದೂ ಅಲ್ಲೇ.