ಮಹಾಮಾರಿಯ ಕಾಲದಲ್ಲಿ ಲಸಿಕೆ ಪಡೆಯುವುದು ಹಕ್ಕೋ, ಸರ್ಕಾರದ ಔದಾರ್ಯವೋ?

ಹಕ್ಕೇ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿಯು ಸಾಂಕ್ರಾಮಿಕ ರೋಗಗಳ ತಡೆ ಮತ್ತು ಚಿಕಿತ್ಸೆಯನ್ನು ಸರ್ಕಾರಗಳ ಹೊಣೆಯಾಗಿಸಿದೆ. ಭಾರತ 1979ರಲ್ಲಿ ಅದಕ್ಕೆ ಸೇರಿತು. ನಮ್ಮ ಸಂವಿಧಾನದಲ್ಲಿ ಆರೋಗ್ಯಕ್ಕೆಂದೇ ಪ್ರತ್ಯೇಕ ಮೂಲಭೂತ ಹಕ್ಕು ಇಲ್ಲದಿದ್ದರೂ, ಅದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ.

ತೊಡಕೆಲ್ಲ ಹಂಚಿಕೆಯಲ್ಲಿದೆ. 2021ರ ಮೇ ತಿಂಗಳಲ್ಲಿ 18ರಿಂದ 44 ವರ್ಷದವರು ಕೋವಿನ್ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬೇಕಿತ್ತು, ಅದೂ ಮೊದಲಿಗೆ ಇಂಗ್ಲಿಷ್‌ನಲ್ಲಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಇದು ಸಾಧ್ಯವಿದ್ದ ಕೆಲಸ. ಆದರೆ ಶಿರಹಟ್ಟಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗುಂಡಿ ಒತ್ತುವ ಫೋನಷ್ಟೇ ಇರುವ, ಒಟಿಪಿ ಬಂದರೂ ಓದಿಸಿಕೊಳ್ಳಲು ಮಗನ ದಾರಿ ಕಾಯಬೇಕಾದ ಕೂಲಿ ಹೆಣ್ಣುಮಗಳಿಗೆ, ಆರೋಗ್ಯ ಕೇಂದ್ರ ಊರಲ್ಲೇ ಇದ್ದರೂ ಲಸಿಕೆ ದೂರವೇ. ಈ ವಯಸ್ಸಿನವರಿಗಾಗಿ ರೂಪಿಸಿದ್ದ, ಲಸಿಕೆಗೆ ಹಣ ಪಾವತಿಸಬೇಕೆಂಬ ನೀತಿ ಮೇಲ್ನೋಟಕ್ಕೇ ಸ್ವೇಚ್ಛೆಯದು, ತರ್ಕಹೀನ ಎಂದು ಸುಪ್ರೀಂ ಕೋರ್ಟ್ 2021ರ ಮೇ 31ರ ಆದೇಶದಲ್ಲಿ ಅಭಿಪ್ರಾಯಪಟ್ಟಿತು. ಜೂನ್ 21ರಿಂದ 18 ತುಂಬಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಲಸಿಕೆ ಜಾರಿಗೆ ಬಂತು.

ದೇಶ ದೇಶಗಳ ನಡುವೆಯೂ ಇದೇ ಕಥೆ. ಲಸಿಕೆಯ ಪೇಟೆಂಟ್‌ಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲೇ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಕೇಳಿದರೆ, ಬಹುಮಟ್ಟಿಗೆ ಮೊಟಕಾದ ನಿರ್ಣಯ ಹೊರಬಿದ್ದದ್ದು 2022ರ ಜೂನ್‌ನಲ್ಲಿ. ನನ್ನ ದೃಷ್ಟಿಯಲ್ಲಿ ಅದು ತೀರ ತಡ.

ಒಂದು ಸ್ಪಷ್ಟನೆ: ಇದು ಪಡೆಯುವ ಹಕ್ಕು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಅದೇ ನ್ಯಾಯಾಲಯ 2022ರ ಮೇ 2ರಂದು ತೀರ್ಪು ನೀಡಿದೆ.